ಪ್ಯಾಕೆಟ್ಟಿನ ಮೇಲೆ ಕೂತ ಚಿತ್ರ

ಪ್ರತಿ ಸಿಗರೇಟು ಪ್ಯಾಕೆಟ್ಟಿನ ಮೇಲೂ ಕ್ಯಾನ್ಸರ್ ಹಿಡಿದ ಬಾಯಿಯ ಚಿತ್ರ ಇರತಕ್ಕದ್ದು ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಪ್ಯಾಕೆಟ್ಟು ಎದೆ ಎದೆ ಬಡಿದುಕೊಂಡಿತು. “ಹೊಗೆಸೊಪ್ಪು ಬೆಳೆಯುವವರ ಗತಿಯೇನು? ಹೊಗೆಯಿಂದಲೇ ರೋಗ ಬರುತ್ತದೆ ಎನ್ನಲು ಇನ್ನೂ ಸಂಶೋಧನೆ ಆಗಬೇಕು!” ಎಂದು ಕೋರ್ಟಿನವರೆಗೂ ಹೋಗಿ ಅತ್ತಿತು. ಕೋರ್ಟು ಕೇಳಲಿಲ್ಲ. ಪ್ಯಾಕೆಟ್ಟು ತಟ್ಟನೆ ಕಣ್ಣೊರೆಸಿಕೊಂಡು, “ದಯಮಾಡಿಸಿ, ಮೈಯೆಲ್ಲ ತಮ್ಮದೇ” ಎಂದು ಚಿತ್ರವನ್ನು ಬರಮಾಡಿಕೊಂಡಿತು. ಅಳು ಅಷ್ಟು ಬೇಗ ನಿಂತದ್ದು ಯಾಕೆಂದು ಸರ್ಕಾರ ಕೇಳಲಿಲ್ಲ. ಅದು ಗೆದ್ದ ಸಂಭ್ರಮದಲ್ಲಿತ್ತು.

ಚಿತ್ರ ಬಸ್ ಸ್ಟ್ಯಾಂಡಿನ ಗೂಡಂಗಡಿಗೆ ಬಂದು, ಹುಣ್ಣಾದ ಬಾಯಿ ಅಗಲಿಸಿ, ಜನರನ್ನು ಹೆದರಿಸಲು ಕಾದು ಕೂತಿತು. ಅಂಗಡಿಯ ಚನ್ನವೀರಪ್ಪ ಪ್ಯಾಕೆಟ್ಟು ಒಡೆದು, ಸಿಗರೇಟುಗಳನ್ನು ಗಾಜಿನ ಲೋಟದಲ್ಲಿ ನಿಲ್ಲಿಸಿ, ಖಾಲಿ ಪ್ಯಾಕೆಟ್ಟನ್ನು ಹಲಗೆಯ ಕೆಳಗೆ ಎಸೆದ. ಗಿರಾಕಿಗಳು “ಅಣ್ಣಾ, ಒಂದು ಕೊಡಿ” ಎಂದು ಬಿಡಿಯಾಗಿ ಕೊಂಡು, ಅಲ್ಲೇ ನೇತಾಡುತ್ತಿದ್ದ ಹಗ್ಗದ ಕಿಡಿಗೆ ಹಚ್ಚಿಕೊಂಡು ನಡೆದರು. ಚಿತ್ರದ ಮುಖ ಯಾರೂ ನೋಡಲಿಲ್ಲ.

“ಆ ಲೋಟ ಯಾರದು?” ಹಲಗೆಯ ಕೆಳಗಿನಿಂದ ಚಿತ್ರ ಕೇಳಿತು.

“ನಮ್ಮ ಕಂಪನಿಯ ಉಡುಗೊರೆ,” ಎಂದಿತು ಪ್ಯಾಕೆಟ್ಟು. “ಪ್ಯಾಕೆಟ್ಟಿನ ಮೇಲೆ ಚಿತ್ರ ಹಾಕಿ ಎಂದರು, ಹಾಕಿದ್ದೇವೆ. ಲೋಟದ ಮಾತು ಯಾರೂ ಎತ್ತಲಿಲ್ಲ.”

“ಹಾಗಾದರೆ ನನ್ನನ್ನು ನೋಡುವವರು ಯಾರು?”

“ತಾವು ಬೇಸರ ಮಾಡಿಕೊಳ್ಳಬಾರದು,” ಎಂದು ಪ್ಯಾಕೆಟ್ಟು ವಿನಯದಿಂದ ಹೇಳಿತು. “ನೋಡಬೇಕಾದವರು ಮುಂದೊಂದು ದಿನ ಅವರವರ ಮನೆಯ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳುತ್ತಾರೆ.”