ಪೇಟೆಬೀದಿಯ ಕಟ್ಟಡ ಕೊಂಡ ಹೆಗ್ಗಣ

ಪೇಟೆಬೀದಿಯಲ್ಲಿದ್ದ ಅರಸರ ಕಾಲದ ಮಹಡಿ ಕಟ್ಟಡವನ್ನು ಹೆಗ್ಗಣವೊಂದು ಬಾಡಿಗೆಯ ಆಸೆಗೆ ಕೊಂಡಿತು. ಕೆಳಗೆ ಇರುವೆಯ ಕಾಳಿನ ಅಂಗಡಿ, ಮೇಲೆ ಪಾರಿವಾಳಗಳ ಸಂಸಾರ. ಹಿಕ್ಕೆ ಬಿದ್ದು ಕಟ್ಟಡದ ಅಂದ ಕೆಡುತ್ತದೆ, ಸಿರಿವಂತರು ಬಾಡಿಗೆಗೆ ಬರುವುದಿಲ್ಲ ಎಂದು ಅದು ಪಾರಿವಾಳಗಳಿಂದ ಮಹಡಿ ಬಿಡಿಸಿತು.

ಮಹಡಿಗೆ ಯಾರೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಇರುವೆಯೂ ಬೀಗದ ಕೈ ತಂದೊಪ್ಪಿಸಿತು.

"ನಿನ್ನನ್ನು ನಾನು ಹೋಗೆನ್ನಲಿಲ್ಲವಲ್ಲ," ಎಂದಿತು ಹೆಗ್ಗಣ.

"ನನ್ನ ಗಿರಾಕಿಗಳನ್ನು ಕಳಿಸಿಬಿಟ್ಟಿರಿ, ಧಣಿ. ಕಾಳು ಕೊಳ್ಳುತ್ತಿದ್ದವರು ಮಹಡಿಯವರೇ."

ಹೆಗ್ಗಣ ಪಾರಿವಾಳಗಳು ಸೇರಿದ್ದ ಗಡಿಯಾರದ ಗೋಪುರಕ್ಕೆ ಓಡಿತು. "ತಪ್ಪಾಯಿತು ತಾಯಿ, ಹಿಂದಿರುಗಿ ಬನ್ನಿ."

"ಇಲ್ಲಿ ಮೊಟ್ಟೆಯಿಟ್ಟಾಗಿದೆಯಪ್ಪ," ಎಂದಿತು ಹಿರಿಯ ಪಾರಿವಾಳ ಮೆಲ್ಲಗೆ. "ಇನ್ನು ಗೂಡು ಕದಲಿಸಲಾಗದು."

ಹೆಗ್ಗಣ ಮರಳಿ ಬಂದು, ಒಳಗೆ ಕಾಲಿಡಲು ಮನಸ್ಸಾಗದೆ, ತನ್ನದೇ ಕಟ್ಟಡದ ಬಾಗಿಲಲ್ಲಿ ನಿಂತಿತು.