ಕಾಶವ್ವನ ಮೆಟ್ಟಿಲು

ಹೊಳೆಯ ಈ ದಂಡೆಯಲ್ಲಿ ಆಶ್ರಮ. ಬಜಾರು, ಬಸ್ಸು, ಆಸ್ಪತ್ರೆ ಎಲ್ಲವೂ ಆ ದಂಡೆಯಲ್ಲಿ.

ನಡುವೆ ಸೇತುವೆ ಇರಲಿಲ್ಲ. ನೀರು ತೆಳುವಾಗಿ ಹರಿಯುವ ಒಂದು ಕಡೆ, ಬಂಡೆಗಳ ಮೇಲೆ, ಗಾಡಿಗಳು ದಾಟುತ್ತಿದ್ದವು.

ಆಶ್ರಮವನ್ನು ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ಅಕ್ಕನವರು ಎನ್ನುತ್ತಿದ್ದರು. ಆಶ್ರಮದ ಹಳೆಯ ಜೀಪನ್ನು ಓಡಿಸುವವನು ಮುರಿಗೆಪ್ಪ. ಕಾರ್ಖಾನೆಯ ಕೆಲಸ ಬಿಟ್ಟು ಬಂದು ಅಕ್ಕನವರ ಶಿಷ್ಯನಾದವನು.

ಜೀಪಿನ ಹೊಟ್ಟೆ ನೆಲಕ್ಕೆ ಹತ್ತಿರವಿತ್ತು. ಜನ ತುಂಬಿಕೊಂಡು ಹೊಳೆಗಿಳಿದರೆ ಬಂಡೆಗೆ ತಾಗುತ್ತಿತ್ತು. ಆದ್ದರಿಂದ ನೀರಿನ ಅಂಚಿಗೆ ಬಂದ ಕೂಡಲೇ ಎಲ್ಲರೂ ಇಳಿಯುತ್ತಿದ್ದರು. ಮುರಿಗೆಪ್ಪ ಖಾಲಿ ಜೀಪನ್ನು ದಾಟಿಸುತ್ತಿದ್ದ. ಉಳಿದವರು ಒಬ್ಬರ ಕೈ ಒಬ್ಬರು ಹಿಡಿದು ನಡೆದು ದಾಟುತ್ತಿದ್ದರು. ಅಕ್ಕನವರೂ ಹಾಗೆಯೇ ದಾಟುತ್ತಿದ್ದರು.

ಒಂದು ದಿನ ಖಾಲಿ ಜೀಪೂ ಬಂಡೆಗೆ ಸಿಕ್ಕಿಕೊಂಡಿತು. ಎಲ್ಲರೂ ಸೀರೆ, ಪಂಚೆ ಎತ್ತಿ ಕಟ್ಟಿ ನೂಕಬೇಕಾಯಿತು.

ಆಗ ಎದುರಿನಿಂದ ಎತ್ತರದ ಗಾಡಿಯೊಂದು ನೀರು ಹಾರಿಸುತ್ತ ಬಂತು. ಓಡಿಸುತ್ತಿದ್ದ ತರುಣ ತಲೆ ಹೊರಗೆ ಹಾಕಿದ.

“ಏನ್ರಿ ಸ್ವಾಮೇರ, ಗಾಡಿ ನಿಮ್ಮನ್ನ ಹೊರತೈತೋ, ನೀವು ಗಾಡಿನ್ನ ಹೊರತೀರೋ?”

ಆಶ್ರಮದ ಅಡುಗೆಯ ಮುದುಕಿ ಕಾಶವ್ವ ಎಲ್ಲರಿಗಿಂತ ಮೊದಲು ನಕ್ಕಳು.

“ಪಾಳಿ ಹಚ್ಚೀವೋ ತಮ್ಮಾ. ಇವತ್ತ ನಮ್ಮ ಪಾಳಿ.”

ಅಕ್ಕನವರೂ ನಕ್ಕರು.

ಮುರಿಗೆಪ್ಪ ನಗಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು.

ಆಶ್ರಮಕ್ಕೆ ಮರಳಿದ ಮೇಲೆ ಅವನು ಅಕ್ಕನವರ ಮುಂದೆ ನಿಂತ.

“ಅಕ್ಕಾರ, ಜೀಪನ್ನ ಎತ್ತರ ಮಾಡಬೇಕಂತೀನಿ. ಗಾಲಿ ಮ್ಯಾಲ ಜೀಪಿನ ಮೈ ಹೊರೂ ಕಮಾನು ಪಟ್ಟಿ, ಹೆಚ್ಚು ಬಾಗಿದ್ದು, ಉದ್ದದ ಶಾಕ್ ಅಬ್ಸಾರ್ಬರು ಸಿಗ್ತಾವ. ನಮ್ಮಣ್ಣ ಕಳಸ್ತಾನ. ಇಲ್ಲೇ ಕೂತು ಜೋಡಸ್ತೀನಿ. ಆಮ್ಯಾಲ ಹೊಟ್ಟಿ ಬಂಡಿಗಲ್ಲಿಗೆ ತಾಗೂದಿಲ್ಲ.”

“ಯಾರ ಸಲುವಾಗಿ?”

“ಕಾಶವ್ವನಂಥವರ ಸಲುವಾಗಿರಿ. ವಯಸ್ಸಾದವರು. ಇವರನ್ನ ನೀರಾಗ ಇಳಸೂದು ಸರಿ ಅಲ್ಲ.”

ಅಕ್ಕನವರು ಅವನ ಕಿವಿಯನ್ನು ನೋಡಿದರು. ಅದು ಇನ್ನೂ ಕೆಂಪಾಗಿಯೇ ಇತ್ತು.

“ಹಂಗಾದರ ಮಾಡು,” ಎಂದರು.

ಸಾಮಾನು ಬಂತು. ಮುರಿಗೆಪ್ಪ ಹುಣಸೆಮರದ ಕೆಳಗೆ ಜೀಪು ನಿಲ್ಲಿಸಿದ. ಜಾಕು ಏರಿಸಿದ. ಜೀಪಿನ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು ಒಂದೊಂದನ್ನೇ ಬಿಚ್ಚಿದ. ಹಳೆಯ ಪಟ್ಟಿಗಳು ಚಪ್ಪಟೆಯಾಗಿ ಸೋತು ಹೋಗಿದ್ದವು. ಹೊಸವು ಬಿಲ್ಲಿನಂತೆ ಬಾಗಿದ್ದವು.

ಹೋಗಿ ಬರುವವರೆಲ್ಲ ನಿಂತು ನೋಡಿದರು. ಅವನಿಗೆ ಅದು ಹಿತವೆನಿಸಿತು. ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ: “ಸೋಮವಾರ ನೋಡ್ರಿ. ಒಬ್ಬರ ಕಾಲೂ ಹಸಿ ಆಗೂದಿಲ್ಲ.”

ಸೋಮವಾರ ಕಣ್ಣಿನ ಆಸ್ಪತ್ರೆಗೆ ಹೋಗುವ ದಿನ. ಕಾಶವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಒಂದು ಕಣ್ಣಿನ ಆಪರೇಷನ್ನಿಗೆ ಅಂದೇ ಬರಲು ಹೇಳಿದ್ದರು. ಪೊರೆ ಬಂದ ಆಶ್ರಮದ ಇನ್ನಷ್ಟು ಹೆಂಗಸರೂ ಜೊತೆಗೆ ಹೊರಡುವವರಿದ್ದರು.

ಕಾಶವ್ವ ಮಜ್ಜಿಗೆ ತಂದಳು. ಗಾಲಿಯ ಮೇಲಿನ ತಗಡನ್ನು ಕೈಯಿಂದ ತಡವಿ ನೋಡಿದಳು.

“ಇದೇನೋ, ಎದ್ದು ನಿಂತೈತಲ್ಲೋ!”

“ನಿನ್ನ ಸಲುವಾಗೇ ಎದ್ದೈತಿ ಯವ್ವಾ. ಕಣ್ಣು ಬಂದ ಮ್ಯಾಲ ಮೊದಲ ಏನು ನೋಡ್ತಿ?”

“ಅಕ್ಕಿಯೊಳಗಿನ ಹರಳು. ಈ ವರ್ಷ ನಿಮಗೆಲ್ಲಾ ಬಾಳ ತಿನಿಸೀನಿ.”

ಭಾನುವಾರ ಕೆಲಸ ಮುಗಿಯುತ್ತ ಬಂತು. ಜೀಪನ್ನು ಜಾಕಿನಿಂದ ಇಳಿಸಿ ಮುರಿಗೆಪ್ಪ ಅದರಡಿ ತೂರಿ ನೋಡಿದ. ನೋಡಿದವನು ಸುಮ್ಮನೆ ಮಲಗಿದ.

ಬ್ರೇಕಿನ ಎಣ್ಣೆ ಗಾಲಿಗೆ ಹೋಗುವುದು ಬೆರಳು ಗಾತ್ರದ ಒಂದು ರಬ್ಬರ್ ಪೈಪಿನ ಮೂಲಕ. ಅದರ ಮೇಲಿನ ತುದಿ ಜೀಪಿನ ಮೈಗೆ, ಕೆಳಗಿನ ತುದಿ ಗಾಲಿಗೆ. ಮೈ ಮೇಲೆ ಹೋಗಿತ್ತು. ಗಾಲಿ ನೆಲದಲ್ಲೇ ಇತ್ತು. ಪೈಪು ಮೊದಲಿನಷ್ಟೇ ಉದ್ದವಿತ್ತು.

ಅದು ಏಕತಾರಿಯ ತಂತಿಯಂತೆ ಬಿಗಿದು ನಿಂತಿತ್ತು.

ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಒಂದು ತಗ್ಗು. ಪ್ರತಿ ಸಲವೂ ಎಡಗಾಲಿ ಅದರೊಳಕ್ಕೆ ಇಳಿದೇ ಮೇಲೆ ಬರಬೇಕು. ಗಾಲಿ ಇಳಿದರೆ ಪೈಪು ಇನ್ನಷ್ಟು ಉದ್ದವಾಗಬೇಕು. ಆಗಲಾರದು. ಹರಿದರೆ ಬ್ರೇಕಿಲ್ಲ. ಇಳಿಜಾರಿನ ಕೊನೆಗೆ ದಾರಿ ಬಂಡೆಯ ಕಡೆಗೆ ಹೊರಳುತ್ತದೆ. ಹೊರಳದಿದ್ದರೆ ನೇರ ಮಡುವಿಗೆ.

ಇದೆಲ್ಲ ಮುರಿಗೆಪ್ಪನಿಗೆ ಗೊತ್ತಿತ್ತು.

ಉದ್ದದ ಪೈಪು ಪೇಟೆಯಲ್ಲಿ ಸಿಗುತ್ತಿತ್ತು. ಭಾನುವಾರ ಅಂಗಡಿ ಮುಚ್ಚಿತ್ತು. ಸೋಮವಾರ ಜೀಪು ಹೊರಡುವುದಿಲ್ಲ ಎಂದು ಅಷ್ಟೂ ಜನರಿಗೆ ಹೇಳಬೇಕಾಗುತ್ತಿತ್ತು.

“ಪೈಪು ಹೆಂಗೂ ಗಾಲಿಗೆ ಮುಟ್ಟೈತಲ್ಲ,” ಎಂದುಕೊಂಡ. ಎದ್ದು ಕೈ ಒರೆಸಿಕೊಂಡ.

ಅಕ್ಕನವರು ತುಳಸಿಗೆ ನೀರು ಹಾಕಿ ಬರುತ್ತಿದ್ದರು.

“ಎಲ್ಲಾ ಆತೇನೋ?”

“ಆತ್ರಿ.”

“ಏನೂ ಉಳದಿಲ್ಲ?”

“ಇಲ್ರಿ ಅಕ್ಕಾರ.”

ಅಕ್ಕನವರು ತಂಬಿಗೆ ಹಿಡಿದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹೆಂಗಸರು ಒಬ್ಬರನ್ನೊಬ್ಬರು ಎಳೆದುಕೊಂಡು, ನಗುತ್ತ, ಬೈಯುತ್ತ ಜೀಪಿನ ಹಿಂದೆ ಹತ್ತಿದರು. ಕಾಶವ್ವನ ಜಾಗ ಯಾವಾಗಲೂ ಮುಂದೆ, ಓಡಿಸುವವನ ಪಕ್ಕ.

ಆಕೆ ಕಾಲೆತ್ತಿದಳು. ಕಾಲು ಎಟುಕಲಿಲ್ಲ. ಕಂಬಿ ಹಿಡಿದು ಮತ್ತೆ ಎತ್ತಿದಳು. ಪಾದ ಗಾಳಿಯಲ್ಲಿ ತಡವರಿಸಿ ಕೆಳಗಿಳಿಯಿತು.

“ನಾ ಏನು ಮಂಗ್ಯಾ ಏನೋ ಮುರಿಗೆಪ್ಪಾ? ಮ್ಯಾಲಿಂದ ಹಗ್ಗರ ಇಳಬಿಡು.”

ಹಿಂದಿನವರು ಬಿದ್ದು ಬಿದ್ದು ನಕ್ಕರು.

ಮುರಿಗೆಪ್ಪ ರಟ್ಟೆ ಹಿಡಿದು ಎತ್ತಲು ಹೋದ.

“ಬಿಡೋ, ಬಿಡೋ! ಕಣ್ಣು ಮಾಡಸಾಕ ಹೊಂಟೀನಿ. ತೋಳು ಮುರಕೊಂಡು ಹೋಗ್ಲೇನು?”

ಅವನು ಕೈಬಿಟ್ಟ. ಪಟ್ಟಿ, ಬೋಲ್ಟು, ಗಾಲಿ ಎಲ್ಲವನ್ನೂ ಅಳತೆ ಹಿಡಿದು ನೋಡಿದ್ದ. ಯಾರ ಸಲುವಾಗಿ ಎಂದು ಕೇಳಿದಾಗ ಯಾರ ಹೆಸರು ಹೇಳಿದ್ದನೋ ಅವರ ಕಾಲನ್ನು ಮಾತ್ರ ನೋಡಿರಲಿಲ್ಲ.

“ಹತ್ತಾಕ ಒಂದು ಮಣಿ ತರ್ತೀನ್ರಿ,” ಎಂದ.

“ಹೊತ್ತಾತು,” ಎಂದರು ಅಕ್ಕನವರು. “ಬಗ್ಗು.”

“ನಾನ್ರಿ?”

“ನೀನ.”

ಮುರಿಗೆಪ್ಪ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಜೀಪಿನ ಪಕ್ಕಕ್ಕೆ ಮಂಡಿಯೂರಿದ. ಅಂಗೈಗಳನ್ನು ಮಣ್ಣಿಗೆ ಇಟ್ಟ.

ಕಾಶವ್ವ ಹಿಂದೆ ಸರಿದಳು.

“ಬ್ಯಾಡ್ರಿ ಅಕ್ಕಾರ. ಈಗರ ಪೂಜಿ ಮಾಡಿ ವಿಭೂತಿ ಹಚ್ಚಿಕೊಂಡು ಬಂದಾನ. ಅವನ ಬೆನ್ನಿಗೆ ಕಾಲಿಡಲ್ಯಾ?”

“ಇಡು.”

ಒಂದು ಪಾದ ಬೆನ್ನ ಮೇಲೆ ಬಂತು. ತಣ್ಣಗಿತ್ತು. ಆಮೇಲೆ ಭಾರ ಬಂತು. ಮುರಿಗೆಪ್ಪ ತಲೆ ಇನ್ನೂ ತಗ್ಗಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿದ.

ಮುಂದಿನ ಎಡಗಾಲಿಯ ಹಿಂದೆ, ಅವನ ಕಣ್ಣಿಗೆ ಗೇಣು ದೂರದಲ್ಲಿ, ಪೈಪು ಇತ್ತು.

ನಿನ್ನೆಯ ಹಾಗೆಯೇ ಬಿಗಿದಿತ್ತು. ಕೆಳಗಿನ ತುದಿಯಲ್ಲಿ, ರಬ್ಬರಿನ ಮೇಲೆ, ಕೂದಲಿನಂಥ ಒಂದು ಬಿರುಕು ಮೂಡಿತ್ತು.

“ಕುಂತೆ ನೋಡಪ್ಪಾ,” ಎಂದಳು ಕಾಶವ್ವ ಮೇಲಿನಿಂದ. “ಏಳು. ಬಂಗಾರದಂಥಾ ಮಗ ನೀನು.”

ಮುರಿಗೆಪ್ಪ ಏಳಲಿಲ್ಲ.

“ಏಳೋ. ನಿನ್ನ ಬೆನ್ನೇನರ ಮುರಿತೇನು?”

ಹೆಂಗಸರು ಮತ್ತೆ ನಕ್ಕರು.

ಮುರಿಗೆಪ್ಪ ಮಣ್ಣಿಗೆ ಹೇಳುವವನಂತೆ ಹೇಳಿದ: “ಇಳೀರಿ.”

“ಏನಂದಿ?”

“ಎಲ್ಲಾರೂ ಇಳೀರಿ. ಬ್ರೇಕಿನ ಪೈಪು ಗಿಡ್ಡ ಆಗೇದ. ತಗ್ಗಿನ್ಯಾಗ ಗಾಲಿ ಇಳದರ ಹರೀತದ. ಹರದರ ಜೀಪು ನಿಂದ್ರೂದಿಲ್ಲ.”

ನಗು ನಿಂತಿತು.

“ಯಾವಾಗ ನೋಡಿದಿ?” ಎಂದರು ಅಕ್ಕನವರು. “ಈಗ?”

ಹೌದು ಎನ್ನಬಹುದಿತ್ತು. ಬಗ್ಗಿದ್ದಕ್ಕೇ ಕಂಡಿತು ಎನ್ನಬಹುದಿತ್ತು. ಹಾಗೆಂದಿದ್ದರೆ ಎಲ್ಲರೂ ಅವನನ್ನು ಹೊಗಳುತ್ತಿದ್ದರು.

“ನಿನ್ನೆ,” ಎಂದ ಮುರಿಗೆಪ್ಪ.

ಯಾರೂ ಬೈಯಲಿಲ್ಲ. ಹಿಂದಿನವರು ಒಬ್ಬೊಬ್ಬರಾಗಿ ಇಳಿದರು. ಸೀರೆಯ ಸಪ್ಪಳ ಮಾತ್ರ ಕೇಳಿತು.

ಕಾಶವ್ವ ಕಾಲು ಇಳಿಬಿಟ್ಟು ನೆಲ ಹುಡುಕಿದಳು. ಸಿಗಲಿಲ್ಲ.

“ಮತ್ತ ನಿನ್ನ ಮ್ಯಾಲ ಕಾಲಿಡಬೇಕಲ್ಲೋ ಮುರಿಗೆಪ್ಪಾ.”

“ಇಡು ಯವ್ವಾ,” ಎಂದ.

ಅವರು ನಡೆದು ಹೊರಟರು. ಹೊಳೆಯಲ್ಲಿ ಕೈಕೈ ಹಿಡಿದರು. ಆಚೆ ದಂಡೆಯ ಏರಿನಲ್ಲಿ ಮುರಿಗೆಪ್ಪ ಕಾಶವ್ವನನ್ನು ಹೊತ್ತುಕೊಂಡ. ಬಸ್ಸು ಹಿಡಿದು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಡಾಕ್ಟರು ಅಂದಿನ ಆಪರೇಷನ್ ಮುಗಿಸಿ ಹೋಗಿದ್ದರು. ಮುಂದಿನ ಸೋಮವಾರ ಬನ್ನಿ ಎಂದು ನರ್ಸು ಹೇಳಿದಳು.

“ಇನ್ನೊಂದು ವಾರ ಹರಳು ತಿನ್ರಿ,” ಎಂದಳು ಕಾಶವ್ವ.

ಎಲ್ಲರೂ ನಕ್ಕರು. ಹೊಳೆಯಲ್ಲಿ ಆ ತರುಣ ಅಣಕಿಸಿದ್ದು ಮುರಿಗೆಪ್ಪನನ್ನು ಇಷ್ಟು ಸುಟ್ಟಿರಲಿಲ್ಲ.

ಮರಳಿ ಬಂದವನು ಊಟಕ್ಕೆ ಹೋಗಲಿಲ್ಲ. ಜೀಪಿನ ಕೀಲಿಕೈಯನ್ನು ಅಕ್ಕನವರ ಪಾದದ ಹತ್ತಿರ ಇಟ್ಟ.

“ನಾ ಹೋಗ್ತೀನ್ರಿ ಅಕ್ಕಾರ.”

“ಎಲ್ಲಿಗೆ?”

“ನನ್ನ ಗುರುತು ಇಲ್ಲದ ಕಡೆ. ಇಲ್ಲಿ ಮಾರಿ ಎತ್ತಿ ನೋಡಾಕ ನಾಚಿಕಿ ಆಗ್ತದ.”

“ಅವತ್ತು ಹೊಳ್ಯಾಗೂ ನಾಚಿಕಿ ಆತು?”

ಮುರಿಗೆಪ್ಪ ತಲೆ ತಗ್ಗಿಸಿದ. “ಆತ್ರಿ.”

“ಆ ನಾಚಿಕಿ ಏನು ಮಾಡಿಸ್ತು?”

“ಜೀಪು ಎತ್ತರ ಮಾಡಿಸ್ತು. ಕಾಶವ್ವನಂಥವರ ಸಲುವಾಗಿ ಅಂತ ನಿಮಗ ಹೇಳಿದ್ದೂ ಖರೆ ಅಲ್ರಿ.”

“ಇವತ್ತಿನ ನಾಚಿಕಿ?”

ಅವನು ನೆಲದ ಮೇಲಿನ ಕೀಲಿಕೈಯನ್ನು ನೋಡಿದ.

“ಅದರ ಕೆಲಸ ಇನ್ನೂ ಮುಗಿದಿಲ್ಲ,” ಎಂದರು ಅಕ್ಕನವರು. “ಮುಗಿಯೂ ತನಕ ಇರು.”

ಕೀಲಿಕೈ ಅಲ್ಲೇ ಬಿದ್ದಿತ್ತು. ಮುರಿಗೆಪ್ಪ ಅದನ್ನು ಮುಟ್ಟದೆ ಕೇಳಿದ: “ಹಳೇ ಪಟ್ಟಿ ಹಾಕಿ ಮೊದಲಿನಂಗ ತಗ್ಗಿಸಲೇನ್ರಿ?”

“ಹೊಟ್ಟಿ ಕಲ್ಲಿಗೆ ತಾಗತಿದ್ದದ್ದು ಖರೆ ಹೌದಲ್ಲೋ?”

“ಖರೆ ರೀ.”

“ಮತ್ತ ಪಟ್ಟಿ ಏನು ತಪ್ಪು ಮಾಡ್ಯಾವ?”

ಅವನು ಕೀಲಿಕೈ ಎತ್ತಿಕೊಂಡ.

ಮರುದಿನ ಪೇಟೆಗೆ ನಡೆದು ಹೋಗಿ ಉದ್ದದ ಪೈಪುಗಳನ್ನು ತಂದ. ಎಲ್ಲ ಕಡೆಗೂ ಹೊಸವನ್ನೇ ಹಾಕಿದ. ಬ್ರೇಕಿನ ಎಣ್ಣೆಯಲ್ಲಿದ್ದ ಗಾಳಿಯನ್ನು ತೆಗೆದ. ದಿಮ್ಮಿಗಳ ಮೇಲೆ ಜೀಪಿನ ಮೈ ನಿಲ್ಲಿಸಿ, ಗಾಲಿ ಇಳಿಯುವಷ್ಟೂ ಇಳಿಯಲು ಬಿಟ್ಟು, ಪೈಪು ಸಡಿಲವಾಗಿಯೇ ಇದೆಯೇ ಎಂದು ಬೆರಳಿನಿಂದ ನೋಡಿದ. ಮೊದಲು ಬಯಲಿನಲ್ಲಿ ಬ್ರೇಕು ತುಳಿದು ನೋಡಿದ. ಆಮೇಲೆ ಖಾಲಿ ಜೀಪನ್ನು ತಗ್ಗಿಗೆ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ.

ಉಳಿದ ದಿನಗಳಲ್ಲಿ ಜಾಲಿಮರದ ಒಂದು ಮಣೆ ಮಾಡಿದ. ಕಾಲು ಜಾರದಂತೆ ಮೇಲೆ ಗೀರು ಕೊರೆದ. ಕಾಶವ್ವನ ಪಾದವನ್ನು ಅಳೆದು ಮಾಡಿದ್ದ.

ಸೋಮವಾರ ಬಂತು. ಹೆಂಗಸರು ಜೀಪಿನ ಹಿಂದೆ ಹತ್ತಿ ಕುಳಿತರು. ಈ ಸಲ ಅಷ್ಟು ನಗಲಿಲ್ಲ. ಕಾಶವ್ವ ಮುಂದೆ ಬಂದು ನಿಂತಳು. ಮುರಿಗೆಪ್ಪ ಮಣೆ ತಂದು ಆಕೆಯ ಕಾಲ ಹತ್ತಿರ ಇಟ್ಟ.

ಅಕ್ಕನವರು ಮಣೆಯನ್ನು ಎತ್ತಿ, ತಿರುಗಿಸಿ ನೋಡಿದರು.

“ಚೊಲೋ ಮಾಡೀದಿ. ಒಂದೂ ಸೀಳಿಲ್ಲ.”

ಅವನ ಮುಖ ಸ್ವಲ್ಪ ಬೆಳಗಿತು.

“ಕಾಶವ್ವಾ, ಒಲಿ ಮುಂದ ಕೂಡ್ರಾಕ ಮಣಿ ಬೇಕಂತಿದ್ದೆಲ್ಲ?”

“ಹೌದ್ರಿ ಅಕ್ಕಾರ.”

“ತಗೋ, ಆತಲ್ಲ.”

ಅಕ್ಕನವರು ಮಣೆಯನ್ನು ತಾವೇ ಒಯ್ದು ಅಡುಗೆಮನೆಯಲ್ಲಿಟ್ಟು ಬಂದರು. ಬಂದು ಮುರಿಗೆಪ್ಪನ ಎದುರು ನಿಂತು, ಮಣೆ ಇದ್ದ ನೆಲವನ್ನು ತೋರಿಸಿದರು.

ಅವನ ಕಿವಿಗಳು ಕೆಂಪಾದವು.

ಅವನು ಮಂಡಿಯೂರಿದ. ಅಂಗೈಗಳನ್ನು ಮಣ್ಣಿಗೆ ಇಟ್ಟ. ತಲೆ ತಗ್ಗಿಸಿ ಮುಖವನ್ನು ಗಾಲಿಯ ಹಿಂದಿನ ಪೈಪಿನ ಕಡೆ ತಿರುಗಿಸಿದ.

ಕಾಶವ್ವ ಕಂಬಿ ಹಿಡಿದು ಕಾಲೆತ್ತಿದಳು. ಅಕ್ಕನವರು ಆಕೆಯ ತೋಳು ಹಿಡಿದು ತಡೆದರು.

“ತಡಿ. ಮುರಿಗೆಪ್ಪಾ, ಅಲ್ಲಿಂದ ಏನು ಕಾಣತದ, ಎಲ್ಲಾರಿಗೂ ಕೇಳೂಹಂಗ ಮೊದಲ ಹೇಳು.”