ಒಬ್ಬನೇ ಗೆದ್ದ ಪಾರಿವಾಳದ ಪಂದ್ಯ

ಗುಡೇಕಲ್ಲು ಅಂತ ಒಂದು ರಾಜ್ಯ ಇತ್ತು. ದೊಡ್ಡ ರಾಜ್ಯವೇನಲ್ಲ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟವನು ಸಂಜೆಗೆಲ್ಲ ಆಚೆ ಗಡಿ ಮುಟ್ಟಬಹುದಿತ್ತು. ಅಲ್ಲಿ ತಿಪ್ಪರಸ ಅಂತ ಒಬ್ಬ ರಾಜ. ಒಳ್ಳೆಯವನೇ, ಆದರೆ ಮಹಾ ಸೋಮಾರಿ. ಯಾರು ಏನು ಕೇಳಿದರೂ "ಗೊತ್ತಿರುವವರನ್ನ ಕೇಳಿ" ಅಂತ ದಿಂಬಿಗೆ ಒರಗಿಬಿಡುತ್ತಿದ್ದ.

ಆ ಊರಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಮಾಳಿಗೆ ಮೇಲೆಲ್ಲ ಪಾರಿವಾಳದ ಗೂಡು. ಕುಂಬಾರರು ಒಡಕು ಗಡಿಗೆ ಮಗುಚಿ ಗೂಡು ಮಾಡಿದ್ದರು. ಅಂಬಿಗರು ಬಿದಿರ ಬುಟ್ಟಿ ನೇತುಹಾಕಿದ್ದರು. ಉಳ್ಳವರು ಮರದ ಪೆಟ್ಟಿಗೆ ಮಾಡಿಸಿದ್ದರು. ಮಳೆಗಾಲ ಮುಗಿದು ಆಕಾಶ ತೊಳೆದಿಟ್ಟ ಹಾಗೆ ಆದಾಗ ಪಾರಿವಾಳದ ಪಂದ್ಯ. ಎಲ್ಲರ ಹಕ್ಕಿಗಳನ್ನೂ ಗಾಡಿಗೆ ತುಂಬಿ, ದೂರದ ನವಿಲುಕಣಿವೆಗೆ ಒಯ್ದು, ಬೆಳಕು ಹರಿಯುವಾಗ ಬಿಡೋರು. ಯಾರ ಹಕ್ಕಿ ಮೊದಲು ತನ್ನ ಗೂಡಿಗೆ ಬಂದು ಇಳಿಯುತ್ತೋ ಅವರು ಗೆದ್ದ ಹಾಗೆ. ಹಕ್ಕಿಯ ಕಾಲಿಗೆ ಬೆಳ್ಳಿ ಗೆಜ್ಜೆ, ಸಾಕಿದವರ ತಲೆಗೆ ರಾಜರ ಪೇಟ. ಅಷ್ಟೇ. ಅಷ್ಟಕ್ಕೇ ಆ ದಿನ ಊರಲ್ಲಿ ಒಬ್ಬರೂ ನೆಲದ ಮೇಲೆ ಇರುತ್ತಿರಲಿಲ್ಲ. ಕಾಲು ಬಾರದ ಅಜ್ಜಿಯರನ್ನೂ ಎತ್ತಿ ಮಾಳಿಗೆಗೆ ಏರಿಸೋರು. ಕಡಲೆಕಾಯಿ ಬಿಡಿಸುತ್ತಾ, ಕುತ್ತಿಗೆ ನೋಯುವ ತನಕ ಮೇಲೆ ನೋಡೋರು. ಅರಮನೆ ಬಾಗಿಲು ಕಾಯುವ ಬೊಮ್ಮಕ್ಕ ಅವತ್ತು ಬುರುಜಿನ ಮೇಲೆ ನಿಂತು, ಮೊದಲ ಹಕ್ಕಿ ಇಳಿದದ್ದು ಕಂಡ ಕೂಡಲೇ ಗಂಟೆ ಹೊಡೆಯುತ್ತಿದ್ದಳು.

ಅದೇ ಊರಲ್ಲಿ ಜಟಿಂಗರಾಯ ಅಂತ ಒಬ್ಬ ಸಾಹುಕಾರ. ಹಕ್ಕಿ ಸಾಕೋದರಲ್ಲಿ ಅವನಂಥ ಗಟ್ಟಿಗ ಇನ್ನೊಬ್ಬನಿಲ್ಲ. ಸುಳ್ಳು ಯಾಕೆ ಹೇಳಲಿ, ಕಾಯಿಲೆ ಬಿದ್ದ ಮರಿಯನ್ನ ಅಂಗಿಯೊಳಗೆ ಇಟ್ಟುಕೊಂಡು ಮಲಗುವಷ್ಟು ಪ್ರೀತಿ ಇತ್ತು. ಸೋಲೋದೊಂದು ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಒಂದು ವರ್ಷ ಕುಂಬಾರ ಸಣ್ಣತಿಮ್ಮನ ಬೂದುಬಣ್ಣದ ಹಕ್ಕಿ ಇವನ ಹಕ್ಕಿಗಿಂತ ರೆಕ್ಕೆಯಷ್ಟು ಮುಂಚೆ ಇಳಿದುಬಿಟ್ಟಿತು. ಜಟಿಂಗರಾಯನಿಗೆ ಅನ್ನ ಸೇರಲಿಲ್ಲ. ನೆಟ್ಟಗೆ ರಾಜನ ಹತ್ತಿರ ಹೋಗಿ, ಪಂದ್ಯ ಕೆಡುತ್ತಿದೆ, ಕಂಡಕಂಡವರೆಲ್ಲ ಹಾರಿಸುತ್ತಾರೆ, ಇದಕ್ಕೊಬ್ಬ ಯಜಮಾನ ಬೇಕು ಅಂದ. ರಾಜ, ಗೊತ್ತಿರುವವರು ನೀವೇ, ನೀವೇ ಆಗಿ ಅಂತ ದಿಂಬಿಗೆ ಒರಗಿದ.

ಯಜಮಾನ ಮೊದಲನೇ ಕಟ್ಟಳೆ ಮಾಡಿದ. ಅಜ್ಜ ಮುತ್ತಜ್ಜ ಯಾರು ಅಂತ ಗೊತ್ತಿರುವ ಹಕ್ಕಿ ಮಾತ್ರ ಹಾರಬೇಕು. ಸಣ್ಣತಿಮ್ಮ, ನನ್ನ ಮುತ್ತಜ್ಜನ ಹೆಸರೇ ನನಗೆ ಗೊತ್ತಿಲ್ಲ, ಹಕ್ಕಿಯದ್ದು ಎಲ್ಲಿಂದ ತರಲಿ ಅಂತ ಮನೆಗೆ ಹೋದ. ಅವನ ಕೇರಿಯೂ ಅವನ ಹಿಂದೆ ಹೋಯಿತು. ಉಳಿದವರೆಲ್ಲ ಅಯ್ಯೋ ಪಾಪ ಅಂದರು. ಒಳಗೊಳಗೆ, ಒಳ್ಳೆಯದೇ ಆಯಿತು, ನಮ್ಮ ಮುಂದೆ ಹಾರುವ ಹಕ್ಕಿ ಕಮ್ಮಿಯಾಯಿತು ಅಂದುಕೊಂಡರು.

ಬೊಮ್ಮಕ್ಕ ರಾಜನಿಗೆ ಹೇಳಿದಳು, ಹೀಗಾದರೆ ಪಂದ್ಯ ಉಳಿಯಲ್ಲ ಅಂತ. ರಾಜ, ಯಜಮಾನರನ್ನ ಕೇಳು ಅಂದ.

ಮರುವರ್ಷ ಎರಡನೇ ಕಟ್ಟಳೆ. ತೇಗದ ಗೂಡು, ಹಿತ್ತಾಳೆ ಚಿಲಕ ಇದ್ದವರು ಮಾತ್ರ ಬರಬೇಕು. ಹೊಳೆಯಲ್ಲಿ ಹರಿಗೋಲು ನಡೆಸುವ ಅಂಬಿಗರ ದ್ಯಾಮವ್ವ ಬಿದಿರ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬಂದು, ಹಕ್ಕಿ ಹಾರೋದು ರೆಕ್ಕೆಯಿಂದಲೋ ಚಿಲಕದಿಂದಲೋ ಅಂತ ಕೇಳಿದಳು. ಅವಳೂ ಹೋದಳು, ಅವಳ ಕೇರಿಯೂ ಹೋಯಿತು. ಉಳಿದವರು ಅಯ್ಯೋ ಪಾಪ ಅಂದರು. ಒಳಗೊಳಗೆ ಮತ್ತೆ ಅದೇ ಸಂತೋಷ.

ಬೊಮ್ಮಕ್ಕ ರಾಜನಿಗೆ ಹೇಳಿದಳು. ರಾಜ, ಯಜಮಾನರನ್ನ ಕೇಳು ಅಂದ.

ಅದರ ಮರುವರ್ಷ ಮೂರನೇ ಕಟ್ಟಳೆ. ಅಪ್ಪ ಪಂದ್ಯ ಆಡಿದ್ದರೆ ಮಾತ್ರ ಮಗ ಆಡಬಹುದು. ನೇಕಾರ ಈರಭದ್ರ ಆ ಊರಿಗೆ ಹೊಸಬ. ಅವನ ಅಪ್ಪ ಪಾರಿವಾಳ ಮುಟ್ಟಿದವನಲ್ಲ. ಈರಭದ್ರನಿಗೂ ಅವನ ಮಕ್ಕಳಿಗೂ ಹಕ್ಕಿಯ ಹುಚ್ಚು ಹಿಡಿದು, ಒಂದು ಜೋಡಿ ಸಾಕಿ, ತಾವು ಉಣ್ಣೋ ಜೋಳದಲ್ಲೇ ಪಾಲು ಕೊಟ್ಟು ಬೆಳೆಸಿದ್ದರು. ಗಾಡಿಯವನು ಅವರ ಬುಟ್ಟಿಯನ್ನ ಕೆಳಗೆ ಇಳಿಸಿದ. ಮಕ್ಕಳು ಅಳುತ್ತಾ ಮನೆಗೆ ಹೋದವು. ಉಳಿದ ನಾಲ್ಕಾರು ಹಳೇ ಮನೆತನದ ಮುದುಕರು ಅಯ್ಯೋ ಪಾಪ ಅಂದರು.

ಬೊಮ್ಮಕ್ಕ ರಾಜನ ಹತ್ತಿರ ಹೋದಳು. ಅವಳು ಬಾಯಿ ಬಿಡುವ ಮುಂಚೆಯೇ ರಾಜ, ಯಜಮಾನರನ್ನ ಕೇಳು ಅಂದ.

ಇನ್ನು ಆ ಮುದುಕರ ಕಥೆ ಕೇಳಿ. ಒಬ್ಬನಿಗೆ ಮೊಣಕಾಲು ನೋವು, ಮಾಳಿಗೆ ಹತ್ತಲಾರ. ಒಬ್ಬನಿಗೆ ಕಣ್ಣು ಮಂಜು, ಕಾಗೆಯೋ ಪಾರಿವಾಳವೋ ತಿಳಿಯದು. ಇನ್ನಿಬ್ಬರು ಯಾರ ಹಕ್ಕಿ ಮೊದಲು ಇಳಿಯಿತು ಅಂತ ಜಗಳ ಆಡಿ, ಸಿಟ್ಟಿಗೆ ಹಕ್ಕಿಗಳನ್ನೇ ಮಾರಿಬಿಟ್ಟರು. ಸಂಜೆಯಾದರೆ ಅರಮನೆ ಜಗುಲಿ ಮೇಲೆ ಕೂತು, ಈಗಿನ ಮಕ್ಕಳಿಗೆ ಹಕ್ಕಿ ಮೇಲೆ ಆಸಕ್ತಿಯೇ ಇಲ್ಲ, ತಲೆ ಎತ್ತಿ ಆಕಾಶ ನೋಡೋದೇ ಗೊತ್ತಿಲ್ಲ ಅಂತ ನಿಟ್ಟುಸಿರು ಬಿಡೋರು. ಬೊಮ್ಮಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅಳುತ್ತಾ ಹೋದ ಮಕ್ಕಳನ್ನ ಅವಳು ಕಣ್ಣಾರೆ ನೋಡಿದ್ದಳು. ಬಾಗಿಲು ಹಾಕಿದವರೇ ಯಾರೂ ಬರಲ್ಲ ಅಂತ ಗೋಳಾಡಿದರೆ ಯಾರಿಗೆ ತಾನೇ ಮೈ ಉರಿಯಲ್ಲ ಹೇಳಿ.

ನಾಲ್ಕನೇ ವರ್ಷ ಪಂದ್ಯಕ್ಕೆ ಗಾಡಿ ಹೊರಟಾಗ ಅದರಲ್ಲಿ ಇದ್ದದ್ದು ಜಟಿಂಗರಾಯನ ಹಕ್ಕಿಗಳು ಮಾತ್ರ. ಒಂದು ಹಿಡಿ ಹಕ್ಕಿ. ಮುಂಚೆ ನೂರಾರು ಒಟ್ಟಿಗೆ ಎದ್ದರೆ ಯಾವುದರ ಮೇಲೆ ಎರಗಬೇಕು ಅಂತ ಗಿಡುಗಕ್ಕೆ ತಿಳಿಯುತ್ತಿರಲಿಲ್ಲ. ಈ ಸಲ ಚೆನ್ನಾಗಿ ತಿಳಿಯಿತು. ಜಟಿಂಗರಾಯ ಮಧ್ಯಾಹ್ನದ ತನಕ ಕಾದ. ಕೊನೆಗೆ ಒಂದು ಹಕ್ಕಿ ಬಂತು, ಬಾಲದ ಗರಿ ಕಿತ್ತುಹೋಗಿತ್ತು. ಅವನು ಅಭ್ಯಾಸದಂತೆ "ಬಂತು" ಅಂತ ಕೂಗಿದ. ಸುತ್ತ ಮಾಳಿಗೆಗಳ ಮೇಲೆ ಒಣಗಿಹಾಕಿದ ಸೀರೆಗಳು ಬಿಟ್ಟರೆ ಏನೂ ಇರಲಿಲ್ಲ. ಗಂಟೆಯೂ ಹೊಡೆಯಲಿಲ್ಲ.

ಆ ಹಕ್ಕಿಯನ್ನೇ ಎತ್ತಿಕೊಂಡು ಅರಮನೆಗೆ ಹೋದ. ರಾಜ, ಪಂದ್ಯ ಹೇಗಿದೆ ಯಜಮಾನರೇ ಅಂತ ಕೇಳಿದ. ಇಷ್ಟು ಶುದ್ಧವಾಗಿ ಯಾವತ್ತೂ ನಡೆದಿರಲಿಲ್ಲ ಅಂದ ಜಟಿಂಗರಾಯ. ಪೇಟದ ಜೊತೆಗೆ ಈ ಸಲ ತನಗೆ ಪಕ್ಷಿಸಾರ್ವಭೌಮ ಅನ್ನೋ ಬಿರುದೂ ಬೇಕು ಅಂದ. ಆಮೇಲೆ ಬೊಮ್ಮಕ್ಕನ ಕಡೆ ತಿರುಗಿ, ಗಂಟೆ ಯಾಕೆ ಹೊಡೆಯಲಿಲ್ಲ ಅಂತ ಗದರಿದ.

ಬೊಮ್ಮಕ್ಕ ಅಂದಳು, "ಗೆದ್ದವರಿಗೆ ತಾನೇ ಸ್ವಾಮಿ ಗಂಟೆ ಹೊಡೆಯೋದು. ಸೋತವರು ಯಾರು ಅಂತ ಒಂದು ಹೆಸರು ಹೇಳಿ, ಈಗಲೇ ಹೋಗಿ ಹೊಡೀತೀನಿ."

ಜಟಿಂಗರಾಯ ಕೈಯಲ್ಲಿದ್ದ ಹಕ್ಕಿಯ ಕಿತ್ತ ಬಾಲ ಸವರತೊಡಗಿದ.

"ಯಾರೂ ಸೋತಿಲ್ಲ ಅಂದರೆ ಹಕ್ಕಿ ಹೊರಗೆ ಹೋಗಿತ್ತು, ಮನೆಗೆ ಬಂತು, ಅಷ್ಟೇ," ಅಂದಳು ಬೊಮ್ಮಕ್ಕ. "ನಮ್ಮ ಮನೆ ಕೋಳಿಯೂ ದಿನಾ ಹೊರಗೆ ಹೋಗಿ ಬರುತ್ತೆ. ಅದಕ್ಕೂ ಒಂದು ಪೇಟ ಕೊಡಿಸಿ ಮಹಾಸ್ವಾಮಿ."

ರಾಜನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ದಿಂಬು ಬಿಟ್ಟು ಎದ್ದು ಕೂತ. ಎದ್ದು ಕೂತ ಮೇಲೆ ಅವನ ತಲೆಯೂ ಸ್ವಲ್ಪ ಓಡಿತು. ಏನು ಮಾಡೋಣ ಅಂತ ಬೊಮ್ಮಕ್ಕನನ್ನೇ ಕೇಳಿದ. ಬೊಮ್ಮಕ್ಕ ಹೇಳಿದಳು, ಸೋಲೋಕೆ ಜನ ಕರೆತಂದರೆ ಪೇಟವೂ ಬಿರುದೂ ಎರಡೂ ಕೊಡಿ, ಆದರೆ ಯಜಮಾನರೇ ಹೋಗಿ ಕರೀಬೇಕು, ಅವರು ಮಾಡಿದ ಕಟ್ಟಳೆ ಒಂದೂ ಮುರಿಯಬಾರದು. ಜಟಿಂಗರಾಯ ಎದೆ ಉಬ್ಬಿಸಿ, ನನ್ನ ಕಟ್ಟಳೆ ನಾನೇ ಮುರೀತೀನಾ ಅಂತ ಒಪ್ಪಿಕೊಂಡ.

ಬಿರುದಿನ ಆಸೆಗೆ ಮೊದಲು ಸಣ್ಣತಿಮ್ಮನ ಮಾಳಿಗೆ ಹತ್ತಿದ. ಒಂದೇ ಒಂದು ಸಲ ಬಾ ತಿಮ್ಮ ಅಂದ. ಸಣ್ಣತಿಮ್ಮ ಹಕ್ಕಿಗಳಿಗೆ ಕಾಳು ಎರಚುತ್ತಾ, ನಮ್ಮ ಹಕ್ಕಿಗೆ ಮುತ್ತಜ್ಜ ಇಲ್ಲವಲ್ಲ ಸ್ವಾಮಿ ಅಂದ. ಕಟ್ಟಳೆ ಇರುವ ತನಕ ಅವನು ಬರುವ ಹಾಗಿಲ್ಲ. ಮುರಿಯುವ ಹಾಗೂ ಇಲ್ಲ. ಇನ್ನೇನು ದಾರಿ, ಜಟಿಂಗರಾಯ ಡಂಗುರ ಹೊಡೆಸಿ ಆ ಕಟ್ಟಳೆಯನ್ನೇ ತೆಗೆದುಹಾಕಿಸಿದ. ಆದರೂ ಸಣ್ಣತಿಮ್ಮನ ಗೂಡು ಗಡಿಗೆಯದ್ದೇ ಆಗಿತ್ತು.

ದ್ಯಾಮವ್ವನ ಮಾಳಿಗೆ ಹತ್ತಿದ. ಅವಳ ಗೂಡು ಬುಟ್ಟಿ. ಮತ್ತೆ ಡಂಗುರ ಹೊಡೆಸಿ ಎರಡನೇ ಕಟ್ಟಳೆಯನ್ನೂ ತೆಗೆಸಿದ. ಇನ್ನಾದರೂ ಬಾ ತಾಯಿ ಅಂದರೆ ಅವಳು ಅಂದಳು, "ನಿಮಗೆ ಸೋಲೋಕೆ ನಾವು ಹಳಬರೇ ಬೇಕಾ? ಆ ನೇಕಾರನ ಮಕ್ಕಳು ದಿನಾ ಬಂದು ನನ್ನ ಬುಟ್ಟಿ ಮುಂದೆ ಕೂರ್ತವೆ. ಅವರು ಬಂದರೆ ನಾನೂ ಬರ್ತೀನಿ."

ಈರಭದ್ರನ ಮಾಳಿಗೆಗೆ ಮೆಟ್ಟಿಲೂ ಇರಲಿಲ್ಲ. ಏಣಿ ಹತ್ತಿ ಏದುಸಿರು ಬಿಡುತ್ತಾ ನಿಂತ ಜಟಿಂಗರಾಯನಿಗೆ ಈರಭದ್ರ ನೀರು ಕೊಟ್ಟ. ನಿಮ್ಮ ಮೇಲೆ ಸಿಟ್ಟಿಲ್ಲ, ನಮ್ಮಪ್ಪ ಪಂದ್ಯ ಆಡದೇ ಸತ್ತುಹೋದ, ಈಗ ಅವನನ್ನ ಎಬ್ಬಿಸಿ ಆಡಿಸೋಕಾಗಲ್ಲ ಅಂದ. ಜಟಿಂಗರಾಯ ನೀರು ಕುಡಿದು, ತಲೆ ತಗ್ಗಿಸಿಕೊಂಡು ಇಳಿದ. ಮೂರನೇ ಡಂಗುರವೂ ಆಯಿತು.

ಮತ್ತೆ ಪಂದ್ಯ ಇಟ್ಟಾಗ ಗಾಡಿ ಸಾಲದೆ ಇನ್ನೊಂದು ಗಾಡಿ ಕಟ್ಟಬೇಕಾಯಿತು. ನವಿಲುಕಣಿವೆಯಲ್ಲಿ ಬಿಟ್ಟ ಹಕ್ಕಿಗಳು ಒಟ್ಟಿಗೆ ಎದ್ದಾಗ ಗಿಡುಗ ಎರಡು ಸುತ್ತು ಹಾಕಿ ದೂರ ಹೋಯಿತಂತೆ. ಊರ ಮಾಳಿಗೆಗಳ ಮೇಲೆ ಜನವೋ ಜನ. ಮೊದಲು ಬಂದು ಇಳಿದದ್ದು ದ್ಯಾಮವ್ವನ ಬುಟ್ಟಿಗೆ. ಆಮೇಲೆ ಸಣ್ಣತಿಮ್ಮನ ಗಡಿಗೆಗೆ. ಜಟಿಂಗರಾಯನ ಹಕ್ಕಿ ನಡುವೆ ಎಲ್ಲೋ ಬಂತು. ಈರಭದ್ರನ ಹಕ್ಕಿ ಅವತ್ತು ಬರಲೇ ಇಲ್ಲ, ಮಾರನೇ ದಿನ ನಡೆದುಕೊಂಡು ಬಂದ ಹಾಗೆ ಬಂತು. ಊರಲ್ಲಿ ಅತಿ ಹೆಚ್ಚು ಕುಣಿದವರು ಅವನ ಮಕ್ಕಳೇ.

ಕಟ್ಟಳೆಗಳೇ ಇಲ್ಲದ ಮೇಲೆ ಜಟಿಂಗರಾಯನ ಯಜಮಾನಿಕೆ ಹೋಯಿತು, ತಾನೇ ಸೋತಿದ್ದರಿಂದ ಬಿರುದೂ ಸಿಗಲಿಲ್ಲ. ಆದರೆ ಅವತ್ತು ಅವನು ಬಿಟ್ಟ ಹಕ್ಕಿಗಳೆಲ್ಲ ಜೀವಂತ ಮನೆಗೆ ಬಂದಿದ್ದವು. ಮರುವರ್ಷ ಸುಮ್ಮನೆ ಎಲ್ಲರ ಜೊತೆ ಬಂದು ಗಾಡಿಗೆ ಬುಟ್ಟಿ ಕೊಟ್ಟ. ಬುದ್ಧಿ ಬಂತಾ ಅಂತ ಕೇಳಬೇಡಿ. ಸೋಲೋದು ಅವನಿಗೆ ಕೊನೆ ತನಕ ಆಗಲಿಲ್ಲ. ಸೋಲಿಸೋಕಾದರೂ ಜನ ಬೇಕು ಅನ್ನೋದು ಮಾತ್ರ ಗೊತ್ತಾಗಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿರಾ? ಆ ಮರುವರ್ಷ ಗೆದ್ದವನು ಸಣ್ಣತಿಮ್ಮ. ಪೇಟ ಸುತ್ತಿಕೊಂಡು ಅರಮನೆ ಬಾಗಿಲಿಗೆ ಬಂದು, ಮೆಲ್ಲಗೆ ಬೊಮ್ಮಕ್ಕನ ಹತ್ತಿರ ಸರಿದ. ಈ ಹೊಸ ಹುಡುಗರ ಹಕ್ಕಿಗಳು ತೀರಾ ಜಾಸ್ತಿಯಾದವು ಅಕ್ಕಾ, ಯಾರ ಮಾಳಿಗೆ ಮೇಲೆ ಬೇಕಾದರೂ ಇಳಿಯುತ್ತವೆ, ಒಂದು ಸಣ್ಣ ಕಟ್ಟಳೆ ಇದ್ದಿದ್ದರೆ ಚೆನ್ನಾಗಿತ್ತು ಅಂದ. ಬೊಮ್ಮಕ್ಕ ಬಾಗಿಲನ್ನ ಪೂರ್ತಿ ತೆರೆದು, "ಒಳಗೆ ಹೋಗಿ ಎಲ್ಲರ ಮುಂದೆ ಗಟ್ಟಿಯಾಗಿ ಹೇಳು ತಿಮ್ಮಾ," ಅಂದಳು. ಸಣ್ಣತಿಮ್ಮ ಒಳಗೆ ಹೋಗಲಿಲ್ಲ. ಪೇಟ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಮನೆ ದಾರಿ ಹಿಡಿದ.

ನೀತಿ ಏನು ಅಂದರೆ, ಮಕ್ಕಳೇ, ಆಟ ಸಾಯೋದು ಸೋಲುವವರಿಂದಲ್ಲ, ಹೊಸಬರಿಂದಲೂ ಅಲ್ಲ. ಪಕ್ಕದವನನ್ನ ಹೊರಗೆ ಹಾಕಿದಾಗ ಉಳಿದವರು ಒಳಗೊಳಗೆ ಖುಷಿಪಟ್ಟರೆ ಆಟ ಸಾಯುತ್ತೆ. ನಿಮ್ಮ ಆಟ ನಿಮ್ಮ ಕಾಲದ ಆಚೆಗೂ ಇರಬೇಕು ಅಂದರೆ, ನಿಮ್ಮನ್ನ ಸೋಲಿಸಬಲ್ಲವರನ್ನ ನೀವೇ ಕೈ ಹಿಡಿದು ಒಳಗೆ ಕರೆಯಬೇಕು.